ಹಾಕದಿದ್ದ ಬೀಗ

ವಡಾಲ, 12 ಜನವರಿ 1977

ವಿನೋದಿನಿ ಅಕ್ಕನಿಗೆ ಪ್ರಫುಲ್ಲಾಳ ನಮಸ್ಕಾರ.

ನೀವು ಈ ಚಾಳ್‌ನ ನನ್ನ ಪಕ್ಕದ ಮನೆ ಬಿಟ್ಟು ಗೋರೆಗಾಂವ್‌ನ ಅಣ್ಣನ ಮನೆಗೆ ಹೋಗಿ ಎರಡೂವರೆ ವರ್ಷವಾಯಿತು. ಒಂದು ಕಾಗದ ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ನಿಮ್ಮ ಯಜಮಾನರಿಗೆ, ನಮ್ಮ ಸದಾನಂದಣ್ಣನಿಗೆ, ಗಂಟಲಿನ ಕ್ಯಾನ್ಸರ್ ಎಂದು ತಿಳಿದ ವಾರವೇ ನಾನು ನಳ್ಳಿಯ ಹತ್ತಿರ ನಿಮ್ಮ ಕೊಡದ ಪಕ್ಕದಿಂದ ನನ್ನ ಕೊಡವನ್ನು ದೂರ ಸರಿಸಿದೆ. ಅದು ಅಂಟುವ ರೋಗವೆಂದು ಯಾರೋ ಹೇಳಿದ್ದರು. ಹೌದೇ ಎಂದು ಒಬ್ಬ ಡಾಕ್ಟರನ್ನೂ ನಾನು ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೀವು ನನ್ನ ಬಾಗಿಲು ತಟ್ಟಿದಿರಿ. "ಪ್ರಫುಲ್ಲಾ, ಒಂದು ಗಂಟೆ ಇವರ ಹತ್ರ ಕೂತ್ಕೊಳ್ತೀಯಾ ಮಾರಾಯ್ತಿ? ಕಣ್ಣು ಎಳೀತದೆ, ನಿಂತಲ್ಲೇ ಬೀಳ್ತೇನೆ" ಎಂದಿರಿ. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಕೈ ಅಲ್ಲೇ ನಿಲ್ಲಿಸಿ ಉಸಿರು ಬಿಗಿಹಿಡಿದೆ. ನೀವು ಮೂರು ಸಲ ಕರೆದಿರಿ. ಆಮೇಲೆ ಸದ್ದಿಲ್ಲ. ಕಿಟಕಿಯ ಸಂದಿಯಿಂದ ನೋಡಿದರೆ ನೀವು ನನ್ನ ಹೊಸ್ತಿಲಲ್ಲೇ ಕುಸಿದು ಕೂತು ನಿದ್ದೆ ಹೋಗಿದ್ದಿರಿ.

ಸ್ವಲ್ಪ ಹೊತ್ತಿಗೆ ನಿಮ್ಮ ಮನೆಯಿಂದ ಲೋಟಕ್ಕೆ ಚಮಚ ಬಡಿಯುವ ಸದ್ದು ಕೇಳಿತು. ದನಿ ಹೋದ ಮೇಲೆ ಸದಾನಂದಣ್ಣ ನಿಮ್ಮನ್ನು ಕರೆಯುತ್ತಿದ್ದುದು ಹಾಗೆ. ನೀವು ಏಳಲಿಲ್ಲ. ನಾನೂ ಬಾಗಿಲು ತೆಗೆಯಲಿಲ್ಲ. ಬಡಿದು ಬಡಿದು ಅವರ ಕೈ ಸೋತು ಸದ್ದು ನಿಂತಿತು. ಆಗ ನನಗೆ ಹಾಯೆನಿಸಿತು, ಅಕ್ಕ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮರುದಿನ, ಪಾರ್ಲೆಗೆ ತಂಗಿಯ ಮನೆಗೆ ಹೋಗಿದ್ದೆ ಎಂದೆ. "ಪಾಪ, ಅಷ್ಟು ಬಿಸಿಲಲ್ಲಿ ಹೋಗಿ ಬಂದ್ಯಾ?" ಎಂದಿರಿ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿರಲಿಲ್ಲ. ಅಲ್ಲೇ ಕೂತಿದ್ದ ನಿಮಗೆ ಅದು ಕಂಡಿತ್ತು. ಕಂಡಿದ್ದೂ ನನ್ನ ಮಾನ ಉಳಿಸಿದಿರಿ.

ಎರಡು ತಿಂಗಳಲ್ಲಿ ಸದಾನಂದಣ್ಣ ಹೋದರು. ಎಲ್ಲರಿಗಿಂತ ಜೋರಾಗಿ ಅತ್ತವಳು ನಾನೇ.

ಈಗ ಮೇಲಿನ ಮಾಳಿಗೆಯಲ್ಲಿ ಕಲಬುರ್ಗಿ ಕಡೆಯ ಗಾರೆ ಕೆಲಸದ ಬಂಡೆಪ್ಪನಿಗೆ ಅದೇ ರೋಗ. ಹೆಂಡತಿ ಹನುಮವ್ವ ಒಬ್ಬಳೇ. ಈ ಸಲ ಡಾಕ್ಟರನ್ನು ಕೇಳಿದೆ, ಅಂಟುವುದಿಲ್ಲ ಎಂದರು. ದಿನಾ ಮಧ್ಯಾಹ್ನ ಎರಡು ಗಂಟೆ ಅವನ ಹತ್ತಿರ ನಾನು ಕೂರುತ್ತೇನೆ, ಅವಳು ಮಲಗುತ್ತಾಳೆ. ನಿನ್ನೆ ಅವಳು, "ನಿಮ್ಮಂಥಾ ದೊಡ್ಡ ಮನಸು ಯಾರಿಗದರೀ ಯಕ್ಕಾ?" ಎಂದು ನನ್ನ ಕೈ ಹಿಡಿದಳು. ತಲೆ ಎತ್ತಲಾಗಲಿಲ್ಲ. ಅದಕ್ಕೇ ಈ ಕಾಗದ.

ಇನ್ನೊಂದು ಮಾತು. ಗಂಡನಿಗೆ ಮೂಗಿನ ನಳಿಗೆಯಲ್ಲಿ ಗಂಜಿ ಹಾಕಲು ಅವಳಿಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಕಳಿಸಿದರಂತೆ. ನೀವು ಏಳು ತಿಂಗಳು ಆ ಕೆಲಸ ಮಾಡಿದವರು. ಹೇಗೆ ಹಾಕಬೇಕು, ಕೆಮ್ಮಿದರೆ ಏನು ಮಾಡಬೇಕು, ಬರೆದು ಕಳಿಸುತ್ತೀರಾ? ಅವಳಿಗೆ ಓದು ಬಾರದು. ನಾನು ಓದಿ ಹೇಳುತ್ತೇನೆ. ನನಗೆ ಒಂದು ಸಾಲೂ ಬರೆಯುವುದು ಬೇಡ. ಕಾಗದ ಹನುಮವ್ವನ ಹೆಸರಿಗೇ ಬರಲಿ.

ದೇವರು ನಿಮಗೆ ಕಣ್ತುಂಬ ನಿದ್ದೆ ಕೊಡಲಿ.

ನಿಮ್ಮ ನೆರೆಮನೆಯವಳಾಗಿದ್ದ,
ಪ್ರಫುಲ್ಲಾ