ಸೈಕಲ್ ಚೈನು ಹಾಕಿದ ಕರಿಬೇವು

ಪೂಜ್ಯ ಮೇಷ್ಟ್ರೇ,

ತಲೆಬಾಗಿ, ಕೈಮುಗಿದು ಒಪ್ಪಿಕೊಳ್ಳುತ್ತಿದ್ದೇನೆ. ಆ ಭಾನುವಾರ ಡಲ್ಲಾಸ್ ಪಕ್ಕದ ಇರ್ವಿಂಗಿನ ನಿಮ್ಮ ಹಿತ್ತಿಲಲ್ಲಿ ನಾನು ಕದ್ದದ್ದು ಕರಿಬೇವಿನ ಒಂದು ಎಸಳಲ್ಲ, ಮೂರು. ಜೇಬಿನಲ್ಲಿದ್ದದ್ದನ್ನು ನೀವು ಹಿಡಿದಿರಿ. ಉಳಿದೆರಡು ಕಾಲುಚೀಲದಲ್ಲಿ ಆಸ್ಟಿನ್ನಿನ ನನ್ನ ರೂಮು ತಲುಪಿದವು.

"ಏನಯ್ಯ, ಜೇಬಲ್ಲಿ ಒಗ್ಗರಣೆ ಇಟ್ಕೊಂಡಿದೀಯಾ?" ಎಂದಿರಿ. ಆಮೇಲೆ ವಿಜಯದ ನಗೆ. "ನೋಡಿದ್ಯಾ? ಮುನ್ನೂರು ವರ್ಷದ ಹಿಂದೇನೇ ಅವನು ನಿನ್ನ ಕಂಡಿದ್ದ." ಮರುವಾರ ಬಂದಾಗ ಕರಿಬೇವಿನ ಕುಂಡಕ್ಕೆ ಸೈಕಲ್ ಚೈನು, ಅದಕ್ಕೊಂದು ಬೀಗ.

ಅವನು ಅಂದರೆ ನಿಮ್ಮ ಆ ಇಂಗ್ಲಿಷ್ ತತ್ವಜ್ಞಾನಿ. ಡಲ್ಲಾಸಿನ ಕಾಲೇಜಿನಲ್ಲಿ ವಾರವಿಡೀ ಅವನನ್ನು ಪಾಠ ಮಾಡಿದ್ದು ಸಾಲದೆ, ಭಾನುವಾರ ಊಟಕ್ಕೆ ಬಂದ ನಮ್ಮಂಥ ಕನ್ನಡದ ಹುಡುಗರಿಗೂ ಬಡಿಸುತ್ತಿದ್ದಿರಿ. ಪಟದಲ್ಲಿ ನೋಡಿದ್ದೇನಲ್ಲ, ಕೊರಳ ಸುತ್ತ ಹಪ್ಪಳ ಜೋಡಿಸಿದಂಥ ಕಾಲರು, ಹುಳಿ ಮಜ್ಜಿಗೆ ಕುಡಿದ ಮುಖ. ಅವನು ಕಂಡುಹಿಡಿದದ್ದಾದರೂ ಏನು? ಮನುಷ್ಯ ಸ್ವಾರ್ಥಿ, ಭಯವಿಲ್ಲದಿದ್ದರೆ ಪಕ್ಕದವನ ತಟ್ಟೆಗೆ ಕೈಹಾಕುತ್ತಾನೆ, ಇದನ್ನರಿತು ಬಾಗಿಲು ಹಾಕಿಕೊಳ್ಳುವುದೇ ವಿವೇಕ. ಹಾಲಿನ ಪಾತ್ರೆಗೆ ತಟ್ಟೆ ಮುಚ್ಚುವ ಯಾರಿಗೆ ಇದು ಗೊತ್ತಿಲ್ಲ? ಇದಕ್ಕೆ ಅಷ್ಟು ದಪ್ಪ ಪುಸ್ತಕ ಬೇರೆ. ಅದರಲ್ಲಿ ಸಾರವಿದೆ ಎನ್ನುತ್ತಿದ್ದಿರಿ. ನನ್ನ ಚಿಂತೆ ಸಾರಿನದು. ನೀವು "ಎಲೆ ಮಾನವ" ಎಂದು ಶುರು ಮಾಡಿದರೆ ನನಗೆ ಕೇಳಿಸುತ್ತಿದ್ದದ್ದು ಎಲೆ ಮಾತ್ರ.

ನೀವು ತೀರಿಕೊಂಡ ಮೇಲೆ ನಿಮ್ಮ ಶ್ರೀಮತಿ, ನಮ್ಮೆಲ್ಲರ ಆಂಟಿ, ಕುಂಡವನ್ನು ನನ್ನ ಕಾರಿಗೆ ಹಾಕಿಸಿದರು. "ತೊಗೊಂಡ್ ಹೋಗಪ್ಪ. ಇದನ್ನ ಕಾಯೋ ಶಕ್ತಿ ನಂಗಿಲ್ಲ. ನಾಲ್ಕು ಜನ ತಿನ್ನಲಿ" ಎಂದರು. ಆಗ ನನಗೆ ಹ್ಯೂಸ್ಟನ್ನಿನ ಹತ್ತಿರ ಕ್ಲಿಯರ್ ಲೇಕಿನಲ್ಲಿ ಕೆಲಸ ಸಿಕ್ಕಿತ್ತು. ಚಂದ್ರನಲ್ಲಿಗೆ ಜನರನ್ನು ಕಳಿಸಿದ ಊರು, ಆದರೆ ಕರಿಬೇವು ಇರಲಿಲ್ಲ. ಅಂದೇ ಶಪಥ ಮಾಡಿದೆ, ಹಪ್ಪಳದ ಕಾಲರಿನವನನ್ನು ಸುಳ್ಳು ಮಾಡುತ್ತೇನೆ ಎಂದು.

ಮಾಡಿದೆ ಕೂಡ. ನನ್ನ ಮನೆಯ ಮುಂದಿನ ವರಾಂಡದಲ್ಲಿ ಗಿಡವಿದೆ. ಬೇಲಿಯಿಲ್ಲ, ಬೀಗವಿಲ್ಲ. ಕನ್ನಡದವರು, ತಮಿಳರು ಎಲ್ಲರೂ ಕಿತ್ತುಕೊಂಡು ಹೋಗುತ್ತಾರೆ. ಒಬ್ಬ ಡಾಕ್ಟರಮ್ಮ ಕಿತ್ತ ಮೇಲೆ ಬುಡಕ್ಕೆ ಗೊಬ್ಬರ ಹಾಕಿ ಹೋಗುತ್ತಾರೆ. ಎಲ್ಲಿ ಹೋದ ನಿಮ್ಮ ಜ್ಞಾನಿ? ಕರೆಯಿರಿ, ಬಂದು ನೋಡಲಿ ಎಂದು ಪಾರ್ಟಿಗಳಲ್ಲಿ ಎಷ್ಟು ಸಲ ಭಾಷಣ ಬಿಗಿದಿದ್ದೇನೋ...

ಹೋದ ಶನಿವಾರ ಆಂಟಿ ಬಂದಿದ್ದರು. ವರಾಂಡದ ಗಿಡದ ಬೋಳು ಕಡ್ಡಿಗಳನ್ನು ಸವರಿ, "ಅವ್ರ ಗಿಡ ಎಲ್ರಿಗೂ ಆಯ್ತಲ್ಲ, ಸಾಕು ಬಿಡು" ಎಂದು ಕಣ್ಣೊರೆಸಿಕೊಂಡರು. ನಾನು ಕಾಫಿ ಬೆರೆಸಲು ಒಳಗೆ ನಡೆದೆ. ನಿಮಗೆ ಮಾತ್ರ ಹೇಳುತ್ತೇನೆ, ಮೇಷ್ಟ್ರೇ, ವರಾಂಡದಲ್ಲಿರುವುದು ನಿಮ್ಮ ಗಿಡದ ಬುಡದಲ್ಲಿ ಒಡೆದ ಮರಿ. ತಾಯಿಗಿಡ ಮನೆಯೊಳಗಿದೆ, ಬಾತ್‌ರೂಮಿನಲ್ಲಿ, ಕಿಟಕಿ ಪಕ್ಕ, ಆಳೆತ್ತರ, ಕಡುಹಸಿರು. ಕುಂಡಕ್ಕೆ ನಿಮ್ಮದೇ ಚೈನು.

ಕಾಫಿ ಆದ ಮೇಲೆ ಆಂಟಿ, "ಬಾತ್‌ರೂಮ್ ಎಲ್ಲಪ್ಪ?" ಎಂದರು.

ಪ್ಲಂಬಿಂಗ್ ಕೆಟ್ಟಿದೆ ಎಂದು ಹೇಳಿ ಪಕ್ಕದ ಮನೆಗೆ ಕಳಿಸಿದೆ.