ಬಾಣಂತನದ ಒಲೆ

ಅರಸೀಕೆರೆ
ಬಹುಧಾನ್ಯ ಸಂವತ್ಸರ, ಕಾರ್ತಿಕ ಮಾಸ
೧೪–೧೧–೧೯೩೮, ಸೋಮವಾರ

ಚಿ. ಸೌ. ದ್ರಾಕ್ಷಾಯಣಿಗೆ,

ನಿನ್ನ ಅಪ್ಪಯ್ಯ ಮನಸಾರೆ ಮಾಡುವ ಆಶೀರ್ವಾದಗಳು. ಇಲ್ಲಿ ನಾನು, ಹಸು, ಕೊಬ್ಬರಿ ಮಂಡಿ ಎಲ್ಲರೂ ಕ್ಷೇಮ. ಹಳೇಬೀಡಿನಲ್ಲಿ ನೀನು, ನಿನ್ನ ಯಜಮಾನರು, ಅತ್ತೆ ಮಾವ ಸುಖವಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ. ಸಾರು ಸರಿಯಾಗುವವರೆಗೆ ಕಾಗದ ಬರೆಯುವುದಿಲ್ಲವೆಂದು ಹಟ ಹಿಡಿದಿದ್ದೆ. ಸಾರೂ ನನ್ನ ಮೇಲೆ ಹಟ ಹಿಡಿದಿತ್ತು.

ಗೌರಿಹಬ್ಬ ಕಳೆದ ಮೇಲೆ ನಿನ್ನ ಮಾವ ಕಲ್ಲೇಶಪ್ಪನವರು ಇಲ್ಲಿಗೆ ಬಂದಿದ್ದರಲ್ಲ, ಅಂದು ನಡೆದ ಮಾತು ನಿನಗೆ ಗೊತ್ತಿರಲಾರದು. ಜಗಲಿಯ ಮೇಲೆ ಕೂತು ನಶ್ಯ ಏರಿಸಿ ಹೇಳಿದರು: “ಚೊಚ್ಚಲ ಹೆರಿಗೆ ತೌರಲ್ಲೇ ಆಗ್ಬೇಕು, ನಂಗೂ ಗೊತ್ತು ಬೀಗ್ರೇ. ಆದ್ರೆ ನಿಮ್ಮನೇಲಿ ಹೆಂಗಸ್ರೇ ಇಲ್ವಲ್ಲ. ಬಾಣಂತನ ಯಾರು ಮಾಡ್ತಾರೆ?”

“ನಾನೇ ಮಾಡ್ತೀನಿ” ಎಂದೆ.

ನಕ್ಕರು ನೋಡು, ನಶ್ಯ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. “ಕೊಬ್ಬರಿ ತೂಗ್ದಂಗಲ್ಲ ಕಣ್ರೀ ಬಾಣಂತಿ ಪಥ್ಯ!” ಎಂದರು. ಆಮೇಲೆ ದನಿ ಇಳಿಸಿ, “ಹುಡ್ಗೀನೇ ಬರಲ್ಲ ಅಂತಾಳೆ. ಅವ್ವನ ಸಾರಿನ ವಾಸ್ನೆ ಇಲ್ದಿರೋ ಮನೇಲಿ ನಂಗೆ ಅನ್ನ ಇಳಿಯಲ್ಲ ಅಂತ ಅವ್ಳ ಅತ್ತೆ ಹತ್ರ ಅತ್ಳಂತೆ” ಎಂದರು.

ನಿನ್ನ ಮೇಲೆ ನನಗೆ ಬೇಸರವಿಲ್ಲ, ಮಗಳೇ. ನನಗೂ ಇಳಿಯುತ್ತಿರಲಿಲ್ಲ. ನಿನ್ನವ್ವ ಲಿಂಗೈಕ್ಯಳಾದ ಮೇಲೆ ಮಠದ ಪಂಕ್ತಿಯಲ್ಲೇ ಉಂಡು ಬರುತ್ತಿದ್ದೆ, ಒಲೆಯಲ್ಲಿ ಬೆಕ್ಕು ಮಲಗುತ್ತಿತ್ತು. ಅಂದು ನಿನ್ನ ಮಾವನವರನ್ನು ಬೀಳ್ಕೊಟ್ಟು ಬಂದವನೇ ಬೆಕ್ಕನ್ನು ಎಬ್ಬಿಸಿ ಓಡಿಸಿದೆ.

ಮೈಸೂರಿನಲ್ಲಿ ಇಂಟರ್ಮೀಡಿಯೆಟ್ ಓದುವಾಗ ಕೆಮಿಸ್ಟ್ರಿ ಮೇಷ್ಟ್ರು ಏನು ಮಾಡಿದರೂ ಮೂರು ಕಾಲಂ ಎಳೆಸಿ ಬರೆಸುತ್ತಿದ್ದರು. ಎಕ್ಸ್‌ಪೆರಿಮೆಂಟ್, ಅಬ್ಸರ್ವೇಷನ್, ಇನ್ನೊಂದು ಏನೋ. ಆ ಇನ್ನೊಂದೇ ಮುಖ್ಯವಾದದ್ದು, ಅದೇ ಮರೆತುಹೋಗಿದೆ. ಇರಲಿ. ಮೊದಲ ಎಕ್ಸ್‌ಪೆರಿಮೆಂಟ್: ಕೊತ್ತಂಬರಿ ಬೀಜ, ಮೆಂತ್ಯ, ಜೀರಿಗೆ ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದು ಹುರಿದದ್ದು. ಅಬ್ಸರ್ವೇಷನ್: ಕೊತ್ತಂಬರಿ ಘಮ್ಮೆನ್ನಲೆಂದು ಕಾಯುವಷ್ಟರಲ್ಲಿ ಮೆಂತ್ಯ ತಳಕ್ಕಿಳಿದು ಇದ್ದಿಲಾಗಿತ್ತು. ಹಿತ್ತಿಲ ಗೋಡೆಯಾಚೆಯಿಂದ ರುಕ್ಮಿಣಮ್ಮನವರು ಓಡಿಬಂದರು.

“ಮನೆಗೆ ಬೆಂಕಿ ಬಿತ್ತೇನೋ ಅಂತ ಕೊಡ ಹಿಡ್ಕೊಂಡು ಬಂದ್ನಲ್ರೀ! ಏನ್ರೀ ಇದು?”

“ಸಾರಿನ ಪುಡಿ ಕಣಮ್ಮ.”

“ಇದಾ? ಹಲ್ಲುಜ್ಜೋಕೆ ಇಟ್ಕೊಳ್ಳಿ.”

ಬೈದುಕೊಂಡೇ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತರು, ಪುಣ್ಯಾತ್ಗಿತ್ತಿ. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕಂತೆ. ಮೆಂತ್ಯ ಕೆಂಪಗಾದ ಕೂಡಲೇ ಇಳಿಸಬೇಕು, ಒಂದು ಗಳಿಗೆ ಮೈಮರೆತರೆ ಕಹಿ. ಜೀರಿಗೆಗೆ ಉರಿಯೇ ಬೇಡ, ಬಾಣಲೆಯನ್ನು ಕೆಳಗಿಟ್ಟ ಮೇಲೆ ಅದರ ಬಿಸಿಯಲ್ಲೇ ಆಡಿಸಬೇಕು. ಕರಿಬೇವನ್ನು ನೆರಳಲ್ಲಿ ಒಣಗಿಸಬೇಕು. ಇಂಗಿನ ಹರಳು ತುಪ್ಪದಲ್ಲಿ ಉಬ್ಬಿ ಹಗುರಾಗುವುದನ್ನು ನೋಡುತ್ತ ಕೂರುವುದು ನನಗೆ ಈಗ ಒಂದು ಆನಂದ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಮುಂಚೆ ಅವಸರಪಟ್ಟು ಬೆಳ್ಳುಳ್ಳಿ ಹಾಕಿ ಎಷ್ಟು ಸಲ ಬೈಸಿಕೊಂಡೆನೋ! “ಮಂಡೀಲಿ ಗಿರಾಕಿ ಹತ್ರ ಕಾಯ್ತೀರಲ್ಲ, ಸಾಸ್ವೆ ಹತ್ರ ಕಾಯಕ್ಕಾಗಲ್ವಾ?” ಎನ್ನುತ್ತಾರೆ.

ಬಾಣಂತಿಯ ಪಾಠ ಬೇರೆಯೇ. ಒಣಮೆಣಸಿನಕಾಯಿ ಮುಟ್ಟಿಸಬಾರದು, ಕಾಳುಮೆಣಸಿನ ಖಾರವೇ ಸಾಕು. ಅದಕ್ಕೆಂದೇ ಬಿಕ್ಕೋಡಿನ ಕಡೆಯಿಂದ ಹೊಸ ಮೆಣಸು ತರಿಸಿದ್ದೇನೆ. ಓಮ, ಒಣಶುಂಠಿ ಕುಟ್ಟಿಟ್ಟಾಗಿದೆ. ಬೆಳ್ಳುಳ್ಳಿ ಮಾತ್ರ ಆಗಿಂದಾಗಲೇ ತುಪ್ಪದಲ್ಲಿ ಹುರಿಯಬೇಕು. ಮಗುವಿಗೂ ನಿನಗೂ ನೀರು ಹಾಕುವ ಕೆಲಸ ರುಕ್ಮಿಣಮ್ಮನವರದು, ಒಲೆ ನನ್ನದು. ಹೀಗೆಂದು ನಮ್ಮಿಬ್ಬರಲ್ಲಿ ಕರಾರಾಗಿದೆ.

ಆದರೆ ನಿನ್ನವ್ವನ ಸಾರಿನ ಪುಡಿ ರುಕ್ಮಿಣಮ್ಮನವರಿಗೂ ಬಾರದು. ಪ್ರತಿ ಮನೆಯ ಪುಡಿಯೂ ಬೇರೆ ಎಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ನಿನ್ನವ್ವನನ್ನು ಅಳತೆ ಕೇಳಿದರೆ ಎಂದಾದರೂ ಹೇಳಿದ್ದಳೇ? “ವಾಸ್ನೆ ಬಂದಾಗ ಗೊತ್ತಾಗುತ್ತೆ ಸುಮ್ನಿರಿ” ಎನ್ನುತ್ತಿದ್ದಳು. ಅವಳು ಕೊನೆಯ ಸಲ ಕುಟ್ಟಿಟ್ಟ ಪುಡಿ ಪಿಂಗಾಣಿ ಭರಣಿಯಲ್ಲಿ ಅಡಿಯಲ್ಲಿಷ್ಟು ಉಳಿದಿತ್ತು, ಬಾಯಿಗೆ ಬಟ್ಟೆ ಕಟ್ಟಿ ಅವಳೇ ಮುಚ್ಚಿಟ್ಟದ್ದು. ಅದನ್ನೇ ಸ್ಯಾಂಪಲ್ ಮಾಡಿಕೊಂಡೆ. ನಾನು ಹುರಿದು ಕುಟ್ಟುವುದು, ಭರಣಿ ಬಿಚ್ಚುವುದು, ಅದನ್ನೊಮ್ಮೆ ಇದನ್ನೊಮ್ಮೆ ಮೂಸುವುದು. ಕೊತ್ತಂಬರಿ ಹೆಚ್ಚಾಯಿತೇ? ಇಂಗು ಸಾಲದೇ? ಒಂದು ದಿನ ಹೊಳೆಯಿತು: ಅವಳು ಕೊಬ್ಬರಿಯನ್ನು ತುರಿದು ಕೆಂಪಗೆ ಹುರಿದು ಸೇರಿಸುತ್ತಿದ್ದಳು! ಕೊಬ್ಬರಿ ಮಾರುವವನ ಮೂಗಿಗೇ ಕೊಬ್ಬರಿ ತಿಳಿಯಲಿಲ್ಲ ನೋಡು. ರುಕ್ಮಿಣಮ್ಮನವರಿಗೆ ಹೇಳಿದರೆ ಸೆರಗು ಬಾಯಿಗಿಟ್ಟು ನಕ್ಕರು.

ಹೋದ ಶುಕ್ರವಾರ ಸಂತೆಗೆ ಬಂದ ನಿನ್ನ ಮಾವನವರನ್ನು ಬಲವಂತದಿಂದ ಊಟಕ್ಕೆ ಕೂರಿಸಿದೆ. ಮತ್ತೆ ಅನ್ನ ಕೇಳಿದರು. ಎಲೆಯಲ್ಲಿ ಸಾರಿನ ತೊಟ್ಟೂ ಉಳಿಯಲಿಲ್ಲ. “ಇದು ಸುವರ್ಣಮ್ಮನೋರ ಕೈ ಸಾರೇ ಕಣ್ರೀ ಬೀಗ್ರೇ! ನಮ್ದೇನೂ ಅಡ್ಡಿಯಿಲ್ಲ, ಕಳಿಸ್ಕೊಡ್ತೀವಿ. ಹುಡ್ಗಿ ಹೂಂ ಅನ್ಲಿ, ಅಷ್ಟೆ” ಎಂದರು. ನಿನ್ನ ಅತ್ತೆ ಕಾಂತಮ್ಮನವರಿಗೂ ಈ ಕಾಗದದ ಜೊತೆ ಒಂದು ಡಬ್ಬಿ ಪುಡಿ ಕಳಿಸೋಣವೆಂದು ಕಟ್ಟಿದವನು ಮತ್ತೆ ಬಿಚ್ಚಿ ಒಳಗಿಟ್ಟೆ. ಯಾಕೆಂದು ಕೆಳಗೆ ಬರೆದಿದ್ದೇನೆ.

ಇನ್ನು ನೀನು ಹೂಂ ಅನ್ನುವುದೊಂದು ಬಾಕಿ. ಬಸ್ಸು ಕುಲುಕುತ್ತದೆ, ಬೇಡ. ಹುಲ್ಲು ಮೆತ್ತಗೆ ಹಾಸಿಸಿ ಕಮಾನುಗಾಡಿ ಕಳಿಸುತ್ತೇನೆ. ಜಾವಗಲ್ಲಿನಲ್ಲಿ ಎತ್ತು ಬಿಚ್ಚಿ, ನೀನು ಸಾಕೆನ್ನುವಷ್ಟು ಹೊತ್ತು ನಿಲ್ಲಿಸಲಿ. ಬರಲಾರೆ ಎನ್ನಿಸಿದರೆ ಅದನ್ನೂ ಮುಚ್ಚುಮರೆಯಿಲ್ಲದೆ ಬರೆ. ಮೆಣಸು, ಓಮ, ತುಪ್ಪ ಹೊತ್ತುಕೊಂಡು ನಾನೇ ಹಳೇಬೀಡಿಗೆ ಬಂದು ನಿನ್ನ ಅತ್ತೆಯವರ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತೇನೆ. ಊರವರು ನಗಲಿ.

ಬಿಸಿಲಲ್ಲಿ ತಿರುಗಬೇಡ. ಹಸಿದಿರಬೇಡ. ಶಿವನು ನಿನ್ನನ್ನೂ ನಿನ್ನ ಒಡಲನ್ನೂ ತಂಪಾಗಿಡಲಿ.

ನಿನ್ನ ಅಪ್ಪಯ್ಯ,
ಏಕಾಂತಯ್ಯ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಮಾವನವರದು ನಶ್ಯದ ಮೂಗು. ರುಕ್ಮಿಣಮ್ಮನವರು ನನ್ನ ಮುಖ ನೋಡಿ ಚೆನ್ನಾಗಿದೆ ಎನ್ನುತ್ತಾರೆ. ಹಾಗಾಗಿ ನಿನ್ನ ಮಾವನವರು ಊಟ ಮಾಡಿ ಹೋದ ಸಂಜೆ, ಕಡೆಯ ಸಲ ಹೋಲಿಸಿ ನೋಡೋಣವೆಂದು ನಿನ್ನವ್ವನ ಭರಣಿ ಬಿಚ್ಚಿದೆ. ಪುಡಿ ಇದೆ, ದ್ರಾಕ್ಷಾಯಣಿ. ವಾಸನೆ ಇಲ್ಲ. ದಿನವೂ ತೆರೆದು ತೆರೆದು ನಾನೇ ಕಳೆದೆ. ಮುಚ್ಚಳ ತೆಗೆದರೆ ಹಾರಿಹೋಗುವ ಪದಾರ್ಥಕ್ಕೆ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಹೆಸರು ಕಲಿಸಿದ್ದರು, ಪರೀಕ್ಷೆಯಲ್ಲೂ ಬರೆದಿದ್ದೆ. ಈಗ ನನ್ನ ಪುಡಿ ಅವಳದರಂತೆ ಇದೆಯೋ, ನನ್ನದನ್ನೇ ಮೂಸಿ ಮೂಸಿ ಅವಳದನ್ನು ಮರೆತೆನೋ, ನನಗೆ ತಿಳಿಯದು. ಕಾಂತಮ್ಮನವರ ಡಬ್ಬಿ ಒಳಗೇ ಉಳಿದದ್ದು ಅದಕ್ಕೇ. ಆ ವಾಸನೆ ಇನ್ನು ಇರುವುದು ನಿನ್ನ ನೆನಪಿನಲ್ಲಿ ಮಾತ್ರ. ಗಾಡಿಯಿಳಿದವಳೇ ನನ್ನನ್ನು ಮಾತಾಡಿಸದೆ ನೇರ ಅಡುಗೆಮನೆಗೆ ಹೋಗು. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ. ನಾನು ಜಗಲಿಯ ಮೇಲೆ ಕೂತಿರುತ್ತೇನೆ. ಅವ್ವನದಲ್ಲದಿದ್ದರೆ ಅಲ್ಲ ಎಂದೇ ಹೇಳು, ಮತ್ತೆ ಹುರಿಯುತ್ತೇನೆ.