ಕಖಗಪ್ಪನ ತೊಟ್ಟಿಲು

ಗಾಳಿಗಿರಣಿ ಬಡಾವಣೆ, ಕಪ್ಪತಗುಡ್ಡದ ಬುಡ
ಫೆಬ್ರವರಿ 30, 2209

ನಮ್ಮ ಗಿರಣಿಯಲ್ಲಿ ಮೊಟ್ಟಮೊದಲ ನಡೆಸುಗ ಕೂರಿಸುತ್ತಿರುವ ತಂಡದವರಿಗೆ,

ತಾರೀಖು ಸರಿಯಾಗಿಯೇ ಇದೆ. ಈಗ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟು ಬಿಡುವೆಂದು ಕೊಡುತ್ತಾರೆ. ನನ್ನ ಕೆಲವು ಮಾತು ನಿಮಗೆ ಹೊಸತೆನಿಸೀತು, ಕೆಲವು ವಾಕ್ಯ ನಡುವೆಯೇ ಬೇರೆ ಕಡೆ ಹೊರಳೀತು. ಮನ್ನಿಸಿ. ಐದು ತಿಂಗಳ ಮಗಳು ಮಿಂಚು ತೊಡೆಯ ಮೇಲಿದ್ದಾಳೆ, ಅವಳು ಹುಟ್ಟಿದಾಗಿನಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ. ಆದರೂ ಬರೆಯಲೇಬೇಕು. ವಿಷಯ ನಿಮ್ಮ ಕೂಸಿನದು.

ನಡೆಸುಗ ಎಂದರೆ ನೀವು ಸಿಸ್ಟಮ್ ಎನ್ನುತ್ತಿದ್ದದ್ದು. ನಿಮ್ಮ ಕಾಲದಲ್ಲಿ ಮೇಜಿನ ಮೇಲಿತ್ತಂತೆ, ಈಗ ಗೋಡೆಯೊಳಗಿದೆ. ಯಾರಿಗೆ ಯಾವ ಪಾಳಿ, ಯಾವ ಬಾಗಿಲು ಯಾರಿಗೆ ತೆರೆಯಬೇಕು, ಅಡುಗೆಮನೆಗೆ ಎಷ್ಟು ಜೋಳದ ಹಿಟ್ಟು ಹೋಗಬೇಕು, ಎಲ್ಲವೂ ಅದು ಹೇಳಿದಂತೆ. ಗಿರಣಿಯಲ್ಲಿ ನಾವು ಗಾಳಿಯಂತ್ರಗಳ ರೆಕ್ಕೆಗಳನ್ನು ಗುಡ್ಡದಿಂದ ಇಳಿಸಿ ತಂದು, ಬಿರುಕು ಮುಚ್ಚಿ ಮತ್ತೆ ಮೇಲೆ ಕಳಿಸುತ್ತೇವೆ. ನಾನು ಬಿರುಕು ಹುಡುಕುವವಳು, ನನ್ನ ಗಂಡ ಕಂಬ ಹತ್ತುವವನು. ಪಕ್ಕದಲ್ಲೇ ಕೂಸಂಗಳವಿದೆ, ದುಡಿಯುವ ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುವ ಜಾಗ. ಅಲ್ಲಿರುವುದು ಹನ್ನೆರಡು ತೊಟ್ಟಿಲು. ಕೂಸಿಗೆ ತೊಟ್ಟಿಲು ಸಿಕ್ಕರೆ ತಾಯಿಗೆ ಪಾಳಿ. ಬಾಣಂತನದ ರಜೆ ಮುಗಿದರೂ ತೊಟ್ಟಿಲು ಸಿಗದಿದ್ದವಳ ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ. ನನ್ನ ರಜೆ ಮುಗಿದಿತ್ತು. ಹನ್ನೊಂದು ತೊಟ್ಟಿಲಲ್ಲಿ ಕೂಸುಗಳಿದ್ದವು. ಕಿಟಕಿಯ ಪಕ್ಕದ, ಒಳ್ಳೆಯ ಗಾಳಿ ಬೀಸುವ ಹನ್ನೆರಡನೆಯದು ಖಾಲಿ ಇತ್ತು.

ಖಾಲಿ ಎನ್ನುವುದು ಕಣ್ಣಿಗೆ ಮಾತ್ರ. ನಡೆಸುಗದ ಪ್ರಕಾರ ಅಲ್ಲೊಂದು ಗಂಡುಕೂಸು ಮಲಗಿದೆ. ಹೆಸರು ಕಖಗ. ತೂಕ ಸರಿಯಾಗಿ ಮೂರು ಕಿಲೋ. ತಾಯಿಯ ಹೆಸರಿನ ಜಾಗದಲ್ಲಿ ‘ತಾಯಿ’ ಎಂದೇ ಇದೆ. ಪರದೆ ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲೆಂದು ನಿಮ್ಮಲ್ಲಿ ಯಾರೋ ಒಬ್ಬರು ಸುಮ್ಮನೆ ಒಂದು ಹೆಸರು ತುಂಬಿ ಅವನನ್ನು ಹಡೆದಿರಿ. ಪರದೆ ಕೆಲಸ ಮಾಡಿತು. ಖುಷಿಯಿಂದ ಚಹಾ ಕುಡಿಯಲು ಎದ್ದು ಹೋದಿರಿ. ಕೂಸನ್ನು ಅಳಿಸಲಿಲ್ಲ.

ಕಾಲೇಜಿನಲ್ಲಿ ನಾನು ಓದಿದ್ದೇ ಹಳೆಯ ನಡೆಸುಗಗಳ ಇತಿಹಾಸ. ನಿಮ್ಮ ಕಾಲದ ನಂತರ ನಡೆಸುಗದ ಯಂತ್ರಗಳು ಎಷ್ಟೋ ಸಲ ಬದಲಾದವು. ಪ್ರತಿ ಸಲ ಬಂದ ಹೊಸ ತಂಡ, ಮೊದಲು ಇದ್ದದ್ದನ್ನು ಇದ್ದ ಹಾಗೇ ದಾಟಿಸೋಣ, ಆಮೇಲೆ ಸ್ವಚ್ಛ ಮಾಡೋಣ ಎಂದಿತು. ಆ ಆಮೇಲೆ ಇನ್ನೂ ಬಂದಿಲ್ಲ. ಕಖಗ ಮಾತ್ರ ಯಂತ್ರದಿಂದ ಯಂತ್ರಕ್ಕೆ ದಾಟುತ್ತಾ ನಮ್ಮ ಮುತ್ತಜ್ಜಿಯರಿಗಿಂತ ಹಿರಿಯನಾದ. ಜನ ಅವನಿಗೆ ಕಖಗಪ್ಪ ಎಂದು ಗೌರವ ಕೊಟ್ಟರು. ಅವನ ಹಾಸಿಗೆಯ ಬಟ್ಟೆ ದಿನಾ ಬದಲಾಗುತ್ತದೆ. ಅವನ ಪಾಲಿನ ಹಾಲು ದಿನಾ ಬರುತ್ತದೆ; ಅದು ಆಯಾ ಫಕೀರವ್ವನ ಚಹಾಕ್ಕೆ ಹೋಗುತ್ತದೆ. ಹೊಸ ಕೂಸು ಬಂದ ದಿನ ಮೊದಲು ಆ ತೊಟ್ಟಿಲನ್ನು ಮುಟ್ಟಿಸಿ ಆಮೇಲೆ ಮಲಗಿಸುವುದು ರೂಢಿ. ನಗಬೇಡಿ. ಹಡೆದವರು ನೀವು.

ಮಿಂಚುವನ್ನು ಅದರಲ್ಲಿ ಮಲಗಿಸಲು ಹೋದೆ. ಫಕೀರವ್ವ ಅಡ್ಡ ನಿಂತಳು.

“ಯವ್ವಾ, ಮುಟ್ಟಬ್ಯಾಡ. ಅದು ಕಖಗಪ್ಪಂದು.”

“ಎಲ್ಲೈತೆವ್ವಾ ಕೂಸು? ತೋರ್ಸು ನೋಡೋಣ.”

“ಇಲ್ಲ ಅಂತ ನನಗ ಗೊತ್ತಿಲ್ಲೇನು? ಗ್ವಾಡಿಯೊಳಗ ಕುಂತೈತಲ್ಲ, ಅದಕ್ಕ ಗೊತ್ತಿಲ್ಲ! ನೀ ಕಲಿತಾಕಿ, ನೀನ ಹೋಗಿ ತಿಳಿಸಿ ಹೇಳು.”

ನಡೆಸುಗ ನೋಡಿಕೊಳ್ಳುವ ಮೇಟಿಯವರ ಬಳಿ ಹೋದೆ. ಅವರು ಒಳ್ಳೆಯವರೇ. ಕೂಸಿಗೆ ಗಿಲಕಿ ಕೊಟ್ಟು, ನನ್ನನ್ನು ಕೂರಿಸಿ ಹೇಳಿದರು: “ತಂಗಿ, ತಾಯಿ ಹೆಬ್ಬಟ್ಟಿಲ್ಲದ ಯಾವ ಕೂಸೂ ಅಲ್ಲಿಂದ ಹೊರಗ ಹೋಗೂದಿಲ್ಲ. ಅವನ ತಾಯಿ ಬಂದು ಒತ್ತಲಿ, ಈಗಿಂದೀಗ ತೆಗಿತೀನಿ.” ಆ ನಿಯಮವನ್ನು ನಾನು ಬೈಯಲಾರೆ. ನನ್ನ ಮಗಳನ್ನು ಬೇರೆ ಯಾರೂ ಎತ್ತಿಕೊಂಡು ಹೋಗದಂತೆ ಕಾಯುವುದೂ ಅದೇ. ನಿಯಮ ಬರೆದವರು ಬುದ್ಧಿವಂತರು. ಆ ಬುದ್ಧಿವಂತರಲ್ಲಿ ಒಬ್ಬರಾದರೂ ಕೂಸಂಗಳಕ್ಕೆ ಹೋಗಿ, ಇಲ್ಲಿ ಎಷ್ಟು ಕೂಸುಗಳು ಅಳುತ್ತಿವೆ ಎಂದು ಕಿವಿಗೊಟ್ಟಿದ್ದರೆ ಸಾಕಿತ್ತು.

ಮನೆಗೆ ಬಂದು ಯೋಚಿಸಿದೆ. ಕೆಲಸ ಬಿಡುವುದೋ, ಕೂಸನ್ನು ತವರಿನಲ್ಲಿ ಬಿಡುವುದೋ ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಕಖಗಪ್ಪನನ್ನು ಯಾರೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಮಿಂಚುವನ್ನು ಫಕೀರವ್ವನ ಕೈಗಿಟ್ಟು, ಕೂಸಂಗಳದ ಬಾಗಿಲಿನ ಒಳಬದಿಯಲ್ಲಿ ನಿಂತು ಕಖಗನ ಹೆಸರು ಹೇಳಿದೆ, ನಾನೇ ಅವನ ತಾಯಿ ಎಂದೆ, ಹೆಬ್ಬೆಟ್ಟು ಒತ್ತಿದೆ. ಅವನ ತಾಯಿಯ ಹೆಬ್ಬೆಟ್ಟಿನ ಜಾಗದಲ್ಲಿ ಹಿಂದೆ ಯಾರ ಗುರುತೂ ಇರಲಿಲ್ಲ. ಹೋಲಿಸಿ ನೋಡಲು ಏನೂ ಇಲ್ಲದ್ದರಿಂದ ನಡೆಸುಗ ಮೊದಲು ಬಿದ್ದ ಹೆಬ್ಬೆಟ್ಟನ್ನೇ ತಾಯಿಯದೆಂದು ಬರೆದುಕೊಂಡು ಬಾಗಿಲು ತೆರೆಯಿತು. ನಾನು ಬರಿಗೈಯಲ್ಲಿ ಹೊರಗೆ ಬಂದೆ. ತೊಟ್ಟಿಲು ಖಾಲಿ ಎಂದು ಹಸಿರು ದೀಪ ಹತ್ತಿತು. ತಿರುಗಿ ಒಳಗೆ ಹೋಗಿ ಮಿಂಚುವನ್ನು ಮಲಗಿಸಿದೆ. ಫಕೀರವ್ವ ಸೊಂಟದ ಮೇಲೆ ಕೈಯಿಟ್ಟು, “ಆತು ಬಿಡು, ನನ್ನ ಚಹಾಕ್ಕ ಕಲ್ಲು ಹಾಕಿದಿ,” ಎಂದಳು. ಆಮೇಲೆ ತೊಟ್ಟಿಲು ತೂಗಿದ್ದೂ ಅವಳೇ.

ಈಗ ಗಿರಣಿಯ ಸಮಿತಿ ನನ್ನ ಮೇಲೆ ಬಿದ್ದಿದೆ. ಹಳೆಯ ಲೆಕ್ಕಗಳಲ್ಲೆಲ್ಲ ಇದ್ದ ಕೂಸೊಂದು ಈಗ ಕಾಣದೆ ಅವರ ವರದಿಗಳು ತಾಳೆಯಾಗುತ್ತಿಲ್ಲವಂತೆ. ನಡೆಸುಗದಲ್ಲಿ ಹಳೆಯದನ್ನು ಮುಟ್ಟಿದರೆ ಎಲ್ಲಿ ಏನು ನಿಲ್ಲುತ್ತದೋ ಎಂಬ ಹೆದರಿಕೆ ಬೇರೆ. ಅತ್ತ ಶಾಲೆಯಿಂದ ಓಲೆ ಬಂದಿದೆ: ನಿಮ್ಮ ಮಗ ಕಖಗನಿಗೆ ವಯಸ್ಸು ಮೀರಿದೆ, ಕೂಡಲೇ ಸೇರಿಸಿ. ಕಖಗನನ್ನು ನಾಳೆಯೊಳಗೆ ತೊಟ್ಟಿಲಿಗೆ ಮರಳಿಸಬೇಕು, ಇಲ್ಲದಿದ್ದರೆ ಮಿಂಚುವಿಗೆ ಬಾಗಿಲು ತೆರೆಯುವುದಿಲ್ಲ ಎಂದು ಸಮಿತಿಯ ಆದೇಶ. ನಾನು ಮರಳಿಸುವುದಿಲ್ಲ. ನಾಳೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅವರೆದುರು ನಿಲ್ಲುತ್ತೇನೆ. ಇರುವ ಕೂಸನ್ನು ಹೊರಗೆ ಹಾಕಿ ಇಲ್ಲದ ಕೂಸನ್ನು ಮಲಗಿಸುವ ಕೆಲಸವನ್ನು ಯಾರಾದರೂ ತಮ್ಮ ಕೈಯಾರೆ ಮಾಡಿ ತೋರಿಸಲಿ. ಗೋಡೆಯ ಕಡೆ ಬೆರಳು ತೋರಿಸಲು ಬಿಡುವುದಿಲ್ಲ. ಹೆದರಿಕೆ ಇಲ್ಲವೇ ಎಂದರೆ ಇದೆ. ಹೆದರಿಕೊಂಡೂ ಕೂಸನ್ನು ಗಟ್ಟಿಯಾಗಿ ಹಿಡಿಯಬಹುದು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ನಡೆಸುಗಕ್ಕೆ ಹೂವಿನ ಹಾರ ಹಾಕಿ, ರಿಬ್ಬನ್ ಕತ್ತರಿಸಿ, ಪೇಡೆ ಹಂಚುವ ಮುಂಚೆ ಒಬ್ಬರಾದರೂ ಹಿಂದಕ್ಕೆ ಹೋಗಿ ನೀವು ಹಡೆದದ್ದನ್ನು ಅಳಿಸಿ ಬನ್ನಿ. ಬರೀ ಕೂಸಂಗಳದಲ್ಲಲ್ಲ. ಆಸ್ಪತ್ರೆಯ ಹಾಸಿಗೆಗಳಲ್ಲಿ, ಪಡಿತರದ ಸರದಿಯಲ್ಲಿ, ಶಾಲೆಯ ಬೆಂಚುಗಳ ಮೇಲೆ ನಿಮ್ಮ ಪರೀಕ್ಷೆಯ ಜನ ಇನ್ನೂ ಕೂತಿದ್ದಾರೆ, ಜೀವ ಇರುವವರು ನಿಂತಿದ್ದಾರೆ.

ನೀವು ಅಳಿಸಿದರೆ ನನಗೆ ಈ ಪತ್ರ ಬರೆಯುವ ಕೆಲಸವೇ ಇರುವುದಿಲ್ಲ, ಆ ಹೊತ್ತಿನಲ್ಲಿ ಒಂದಿಷ್ಟು ಮಲಗುತ್ತೇನೆ. ಅಳಿಸದಿದ್ದರೂ ಸರಿ. ಅವನ ತಾಯಿ ಈಗ ನಾನು. ಯಾರು ಬಂದು ಕೇಳಿದರೂ ಕೊಡುವುದಿಲ್ಲ.

ಇತಿ,
ಶಿವಗಂಗಾ ಡಂಬಳ
ಮಿಂಚುವಿನ ತಾಯಿ, ಕಖಗಪ್ಪನ ತಾಯಿ